ಓದುವ ಪುಸ್ತಕ, ಕೇಳುವ ಪುಸ್ತಕ: ಕಾಲ ಯಾರ ಕೈಯಲ್ಲಿ?



ನಂದಳಿಕೆಯ ಲಕ್ಷ್ಮೀನಾರಣಪ್ಪನವರು, ಅಂದರೆ ನಮ್ಮ ಮುದ್ದಣ, ‘ಶ್ರೀರಾಮಾಶ್ವಮೇಧ’ವನ್ನು ಬರೆದದ್ದು ಅಚ್ಚಿನ ಕಾಲದಲ್ಲಿ. ಆದರೆ ಅದರೊಳಗೆ ನಡೆಯುವುದು ಕಥೆ ಹೇಳುವ, ಕೇಳುವ ಕೆಲಸ. ಹೊರಗೆ ಮಳೆಗಾಲ. ಗಂಡ ಹೇಳುತ್ತಾನೆ, ಹೆಂಡತಿ ಮನೋರಮೆ ಕೇಳುತ್ತಾಳೆ. ಅವಳ ಕೇಳುವಿಕೆಯ ಪರಿಯನ್ನು ಗಮನಿಸಿ. ಪದ್ಯ ಬೇಡ, ಗದ್ಯದಲ್ಲಿ ಹೇಳು ಎನ್ನುತ್ತಾಳೆ. ಸಂಸ್ಕೃತದ ಭಾರ ಹೆಚ್ಚಾದ ಕಡೆ ತಡೆಯುತ್ತಾಳೆ, ಅರ್ಥ ಕೇಳುತ್ತಾಳೆ, ಛೇಡಿಸುತ್ತಾಳೆ. ಅವಳು ಬಾಯಿ ಹಾಕಿದಾಗಲೆಲ್ಲ ಕಥೆ ನಿಲ್ಲಬೇಕು, ಅವಳಿಗೆ ಸಮಾಧಾನವಾದ ಮೇಲೆಯೇ ಮುಂದೆ ಹೋಗಬೇಕು. 1901ರಲ್ಲಿ, ಮೂವತ್ತೊಂದರ ಪ್ರಾಯದಲ್ಲೇ ತೀರಿಕೊಂಡ ಆ ಕವಿ, ಓದುಗರು ಒಬ್ಬೊಬ್ಬರೇ ಕೂತು ಪುಟ ತಿರುವುವ ಕಾಲ ಬಂದಿದ್ದನ್ನು ಕಂಡು, ಕೇಳುವವಳನ್ನು ಪುಸ್ತಕದೊಳಕ್ಕೇ ಕರೆತಂದು ಕೂರಿಸಿದ ಎಂದು ನಾನು ಭಾವಿಸುತ್ತೇನೆ.

ಇವತ್ತು ಅದೇ ಕೃತಿಯನ್ನು ಯಾರಾದರೂ ಸೊಗಸಾಗಿ ಓದಿ, ಧ್ವನಿಮುದ್ರಿಸಿ ನಮ್ಮ ಫೋನಿಗೆ ಕೊಟ್ಟರೆ ಮನೋರಮೆಯ ಮಾತು ನಮಗೆ ಕೇಳಿಸುತ್ತದೆ. ಅವಳ ಹಾಗೆ ತಡೆಯುವುದು ಮಾತ್ರ ನಮ್ಮಿಂದ ಆಗುವುದಿಲ್ಲ. ನಾನು ಇಂದು ಹೇಳಬೇಕೆಂದಿರುವುದೆಲ್ಲ ಈ ಕೊರತೆಯ ಸುತ್ತಲೇ ಇದೆ. ಓದುವುದು ಮೇಲೋ ಕೇಳುವುದು ಮೇಲೋ ಎಂಬ ಚರ್ಚೆಯನ್ನು ನಾವು ಕಣ್ಣಿಗೂ ಕಿವಿಗೂ ನಡುವಿನ ಜಗಳವೆಂಬಂತೆ ನಡೆಸುತ್ತಿದ್ದೇವೆ. ಎಲ್ಲಿ ನಿಲ್ಲಬೇಕು, ಎಲ್ಲಿಗೆ ಹಿಂದಿರುಗಬೇಕು, ಒಂದು ಸಾಲಿನ ಮುಂದೆ ಎಷ್ಟು ಹೊತ್ತು ಕೂರಬೇಕು ಎಂದು ತೀರ್ಮಾನಿಸುವವರು ಯಾರು? ನನಗೆ ಮುಖ್ಯವೆನಿಸುವ ಪ್ರಶ್ನೆ ಇದು.

ಕಿವಿಯಿಂದ ಕಾವ್ಯ ಓದುವುದು ಕನ್ನಡಿಗರಿಗೆ ಹೊಸದೇನೂ ಅಲ್ಲ, ನಮಗೆ ಗಮಕ ಇದೆಯಲ್ಲ ಎನ್ನುವವರಿದ್ದಾರೆ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ನೋಡಬೇಕಾದರೆ ಗಮಕ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಹಾಡಿದ ಭಾರತ ಭಾಮಿನಿ ಷಟ್ಪದಿಯಲ್ಲಿದೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ಹದಿನಾಲ್ಕು ಮಾತ್ರೆ, ಮೂರು ಮತ್ತು ಆರನೆಯ ಸಾಲುಗಳಿಗೆ ಇಪ್ಪತ್ತಮೂರು. ಓಲೆಗರಿಯಲ್ಲಿ ಪದಗಳ ನಡುವೆ ಜಾಗವಿರಲಿಲ್ಲ. ಸಂಧಿಯಾಗಿ ಒಂದಕ್ಕೊಂದು ಬೆಸೆದ ಪದಗಳು ಒಂದು ಸಾಲಿನಿಂದ ಮುಂದಿನ ಸಾಲಿಗೂ ಹರಿದುಬಿಡುತ್ತವೆ. ಅಂಥ ಪದ್ಯವನ್ನು ಗಮಕಿ ರಾಗದಲ್ಲಿ ಹಾಡುವಾಗಲೇ ಬಿಡಿಸಿ ತೋರಿಸಬೇಕು. ಎಲ್ಲಿ ಉಸಿರು ತೆಗೆದುಕೊಂಡರೆ ಅರ್ಥ ಕೆಡುವುದಿಲ್ಲ, ಯಾವ ಪದವನ್ನು ಎತ್ತಿ ಹಿಡಿದರೆ ವ್ಯಂಗ್ಯ ಹೊಳೆಯುತ್ತದೆ, ದ್ರೌಪದಿಯ ಮಾತಿಗೆ ಯಾವ ರಾಗ, ಕೀಚಕನ ಮಾತಿಗೆ ಯಾವುದು ಎಂಬ ಲೆಕ್ಕ ಅವರ ಮನಸ್ಸಿನಲ್ಲಿ ನಡೆಯುತ್ತಲೇ ಇರುತ್ತದೆ. ಅರ್ಧ ಪದ್ಯ ಹಾಡಿ, ಅದನ್ನೇ ಮತ್ತೊಮ್ಮೆ ಹಾಡಿ, ಆಮೇಲೆ ಪೂರ್ತಿ ಮಾಡುತ್ತಾರೆ. ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರರು ಅದನ್ನು ಇಂದಿನ ಮಾತಿಗಿಳಿಸುತ್ತಾರೆ. ಸಭೆಯಲ್ಲಿ ತಲೆದೂಗಿದರೆ ಗಮಕಿ ಅಲ್ಲೇ ಇನ್ನೊಂದು ಸುತ್ತು ನಿಲ್ಲುತ್ತಾರೆ. ಹಿರಿಯರೊಬ್ಬರು ‘ಇನ್ನೊಮ್ಮೆ ಆಗಲಿ’ ಎಂದರೆ ಪದ್ಯ ಮತ್ತೆ ಬರುತ್ತದೆ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿ ಈ ವಿದ್ಯೆಯನ್ನು ಊರಿಗೆ ಊರೇ ಕಾಪಾಡಿಕೊಂಡು ಬಂದಿದೆ. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಆ ಗೌರವ ಸಂದದ್ದು ಈ ಇಡೀ ಪರಂಪರೆಗೆ.

ಗಮಕದಲ್ಲಿ ಕಾಲ ಹಾಡುವವರ ಕೈಯಲ್ಲೂ ಇದೆ, ಕೇಳುವವರ ಕೈಯಲ್ಲೂ ಇದೆ. ಅಚ್ಚಾದ ಪುಸ್ತಕದಲ್ಲಿ ಅದು ಪೂರ್ತಿಯಾಗಿ ಓದುಗರದು. ಆಡಿಯೋ ಪುಸ್ತಕದಲ್ಲಿ ಅದು ಬಹುಮಟ್ಟಿಗೆ ಧ್ವನಿಮುದ್ರಣದ ದಿನವೇ ತೀರ್ಮಾನವಾಗಿಬಿಟ್ಟಿದೆ. ದನಿ ಕೊಟ್ಟು ಓದುವವರಿಗೆ ನನ್ನ ಮುಖ ಕಾಣುವುದಿಲ್ಲ. ನಾನು ತಲೆದೂಗಿದರೂ ಅವರು ನಿಲ್ಲುವುದಿಲ್ಲ, ನನಗೆ ಅರ್ಥವಾಗದಿದ್ದರೂ ನಿಲ್ಲುವುದಿಲ್ಲ. ಆದ್ದರಿಂದ ಆಡಿಯೋ ಪುಸ್ತಕವನ್ನು ಗಮಕದ ಮಗುವೆಂದು ಕರೆದು ಸಮಾಧಾನ ಪಟ್ಟುಕೊಳ್ಳುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ದನಿಯೊಂದನ್ನು ಬಿಟ್ಟರೆ ಅವೆರಡಕ್ಕೂ ಹೋಲಿಕೆ ಕಡಿಮೆ.

ಹಾಗಾದರೆ ಆಡಿಯೋ ಪುಸ್ತಕ ಹುಟ್ಟಿದ್ದು ಯಾರಿಗಾಗಿ? ಕಣ್ಣು ಕಾಣದವರಿಗಾಗಿ. ಎಡಿಸನ್ 1877ರಲ್ಲಿ ಫೋನೋಗ್ರಾಫ್ ಕಂಡುಹಿಡಿದು, ಮರುವರ್ಷವೇ ಅದರಿಂದ ಆಗಬಹುದಾದ ಕೆಲಸಗಳ ಪಟ್ಟಿ ಬರೆದಾಗ ಅದರಲ್ಲಿ ಅಂಧರಿಗಾಗಿ ಮಾತನಾಡುವ ಪುಸ್ತಕವೂ ಇತ್ತು. ಆದರೆ ತವರದ ಹಾಳೆಯ ಮೇಲೆ ಗೀರಿದ ಆ ದನಿಗೆ ಒಂದು ಕಾದಂಬರಿಯನ್ನು ಹೊರುವ ಶಕ್ತಿ ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡು ಬಂದ ಸೈನಿಕರಿಗೆ, ದೊಡ್ಡವರಾದ ಮೇಲೆ ಬೆರಳ ತುದಿಯಿಂದ ಬ್ರೈಲ್ ಕಲಿಯುವುದು ಬಹಳ ಕಷ್ಟವಾಯಿತು. ಸೋಮ್ ಕದನದಲ್ಲಿ ದೃಷ್ಟಿ ಹೋಗಿದ್ದ ಇಯಾನ್ ಫ್ರೇಸರ್ ಎಂಬ ಅಧಿಕಾರಿ ಲಂಡನ್ನಿನಲ್ಲಿ ವರ್ಷಗಟ್ಟಲೆ ಹಿಡಿದ ಹಟದಿಂದ 1935ರಲ್ಲಿ ಬ್ರಿಟನ್ನಿನ ಮೊದಲ ಮಾತನಾಡುವ ಪುಸ್ತಕಗಳು ಹೊರಬಂದವು. ಅಗಾಥಾ ಕ್ರಿಸ್ಟಿಯ ಒಂದು ಪತ್ತೇದಾರಿ ಕಾದಂಬರಿ, ಜೋಸೆಫ್ ಕಾನ್ರಾಡ್‌ನ ‘ಟೈಫೂನ್’ ಮೊದಲು ಬಂದವುಗಳಲ್ಲಿ ಸೇರಿದ್ದವು. ತಟ್ಟೆಯ ಒಂದೊಂದು ಬದಿಗೆ ಸುಮಾರು 25 ನಿಮಿಷ, ಒಂದು ಕಾದಂಬರಿಗೆ ಹತ್ತರಷ್ಟು ತಟ್ಟೆಗಳು. ಅದೇ ವರ್ಷ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರುಮಾಡಿದ್ದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಕನ್ನಡದ ಓದು ಬಾನುಲಿಯ ಮೂಲಕ ಮೈಸೂರಿನವರ ಕಿವಿಗೆ ಬೀಳತೊಡಗಿದ್ದು ಅಲ್ಲಿಂದ.

ತಟ್ಟೆ ಹೋಗಿ ಕ್ಯಾಸೆಟ್ ಬಂತು. ಅಂಧ ವಿದ್ಯಾರ್ಥಿಗಳು ಪಠ್ಯಪುಸ್ತಕಗಳನ್ನು ಕ್ಯಾಸೆಟ್ಟಿನಲ್ಲಿ ಕೇಳಿ ಪರೀಕ್ಷೆ ಬರೆದರು, ಪದವೀಧರರಾದರು, ಮೇಷ್ಟ್ರುಗಳಾದರು, ವಕೀಲರಾದರು. ಅವರನ್ನು ಬಹಳವಾಗಿ ಕಾಡಿದ್ದು ಹಿಂದಿರುಗುವ ಕಷ್ಟ. ಏಳನೆಯ ಅಧ್ಯಾಯದ ಮೂರನೆಯ ವಿಭಾಗ ಬೇಕಾದರೆ ಟೇಪನ್ನು ಅತ್ತಿತ್ತ ಓಡಿಸಿ ಹುಡುಕಬೇಕು. ಪುಟ ಸಂಖ್ಯೆ ಎನ್ನುವುದೇ ಇಲ್ಲ. ಈ ಸಂಕಟದಿಂದಲೇ ಸ್ವೀಡನ್ನಿನ ಅಂಧರ ಗ್ರಂಥಾಲಯದಲ್ಲಿ ‘ಡೈಸಿ’ ಎಂಬ ಡಿಜಿಟಲ್ ಮಾದರಿ ರೂಪುಗೊಂಡಿತು. 1996ರಲ್ಲಿ ಹಲವು ದೇಶಗಳ ಗ್ರಂಥಾಲಯಗಳು ಅದಕ್ಕಾಗಿ ಒಕ್ಕೂಟ ಕಟ್ಟಿದವು. ಡೈಸಿ ಪುಸ್ತಕದಲ್ಲಿ ಅಧ್ಯಾಯದಿಂದ ಅಧ್ಯಾಯಕ್ಕೆ, ಪುಟದಿಂದ ಪುಟಕ್ಕೆ, ವಾಕ್ಯದಿಂದ ವಾಕ್ಯಕ್ಕೆ ಜಿಗಿಯಬಹುದು. ಗುರುತು ಹಾಕಿಡಬಹುದು. ವೇಗ ಹೆಚ್ಚಿಸಬಹುದು, ತಗ್ಗಿಸಬಹುದು.

ಇದನ್ನು ಇಷ್ಟು ಹೊತ್ತು ಹೇಳಿದ್ದಕ್ಕೆ ಕಾರಣವಿದೆ. ಕಿವಿಯಿಂದ ಓದುವುದರಲ್ಲಿ ನಮ್ಮೆಲ್ಲರಿಗಿಂತ ಪಳಗಿದವರು ಅಂಧ ಓದುಗರು. ದನಿ ಒಂದೇ ಸಾಲದು, ಓದಿನ ಕಾಲ ನಮ್ಮ ಕೈಗೆ ಬರಬೇಕು ಎಂದು ಅವರು ಕೇಳಿದರು, ಪಡೆದೂ ಪಡೆದರು. ಕಾನೂನೂ ಅವರ ಹಿಂದೆ ಬಂತು. 2012ರ ತಿದ್ದುಪಡಿಯಿಂದ ನಮ್ಮ ಕೃತಿಸ್ವಾಮ್ಯ ಕಾಯಿದೆ ಅವರಿಗಾಗಿ ಪುಸ್ತಕಗಳನ್ನು ಓದಬಲ್ಲ ರೂಪಕ್ಕೆ ತರಲು ದಾರಿ ಬಿಟ್ಟಿತು. ಇದೇ ಉದ್ದೇಶದ 2013ರ ಅಂತರರಾಷ್ಟ್ರೀಯ ಮರಾಕೇಶ್ ಒಪ್ಪಂದವನ್ನು ಎಲ್ಲ ದೇಶಗಳಿಗಿಂತ ಮೊದಲು ಸ್ಥಿರೀಕರಿಸಿದ್ದು ಭಾರತ, 2014ರಲ್ಲಿ. 2016ರಲ್ಲಿ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯವೂ ಆರಂಭವಾಯಿತು. ಕಣ್ಣಿರುವ ನಮಗೆ ಆಡಿಯೋ ಪುಸ್ತಕ ಮಾರುವವರು ಮಾತ್ರ ಅಡುಗೆ ಮಾಡುತ್ತಾ ಕೇಳಿ, ಗಾಡಿ ಓಡಿಸುತ್ತಾ ಕೇಳಿ ಎನ್ನುತ್ತಾರೆ. ನಿಂತು ಕೇಳಿ, ಹಿಂದಿರುಗಿ ಕೇಳಿ ಎಂದು ಯಾರೂ ಹೇಳುವುದಿಲ್ಲ.

ಓದಿನ ಕಾಲ ನಮ್ಮ ಕೈಯಲ್ಲಿರಬೇಕು ಎಂಬ ಮಾತಿಗೆ ಸಂಶೋಧಕರು ಕಂಡುಕೊಂಡದ್ದೂ ಹೊಂದುತ್ತದೆ. ಅಮೆರಿಕದಲ್ಲಿ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಯಸ್ಕರ ಮೂರು ಗುಂಪುಗಳು ಒಂದೇ ಪುಸ್ತಕದ ಭಾಗಗಳನ್ನು ತೆಗೆದುಕೊಂಡವು. ಒಂದು ಗುಂಪು ಕೇಳಿತು, ಒಂದು ಪರದೆಯ ಮೇಲೆ ಓದಿತು, ಇನ್ನೊಂದು ಎರಡನ್ನೂ ಒಟ್ಟಿಗೆ ಮಾಡಿತು. ಅರ್ಥಮಾಡಿಕೊಂಡಿದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2019ರಲ್ಲಿ ಬರ್ಕ್ಲಿಯ ವಿಜ್ಞಾನಿಗಳು, ಜನ ಒಂದೇ ಕಥೆಗಳನ್ನು ಕೇಳುವಾಗಲೂ ಓದುವಾಗಲೂ ಅವರ ಮಿದುಳಿನ ಚಿತ್ರ ತೆಗೆದರು. ಅರ್ಥಕ್ಕೆ ಸಂಬಂಧಿಸಿದ ನಕ್ಷೆಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು. ಆದರೆ 2010ರ ಇನ್ನೊಂದು ಪ್ರಯೋಗದಲ್ಲಿ, ಪಾಠವನ್ನು ಕೇಳಿ ಬಂದ ಕಾಲೇಜು ವಿದ್ಯಾರ್ಥಿಗಳು ಓದಿ ಬಂದವರಿಗಿಂತ ಪರೀಕ್ಷೆಯಲ್ಲಿ ಸಾಕಷ್ಟು ಹಿಂದೆ ಬಿದ್ದರು. ಒಂದಕ್ಕೊಂದು ಎದುರಾಡುವಂತೆ ಕಾಣುವ ಈ ಫಲಿತಾಂಶಗಳಿಗೆ ಬೆಳಕು ಬಿದ್ದದ್ದು 2022ರಲ್ಲಿ, 46 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ. ಒಟ್ಟಾರೆಯಾಗಿ ಎರಡೂ ಸಮ. ಓದುಗರು ತಮ್ಮದೇ ವೇಗದಲ್ಲಿ, ಬೇಕಾದಲ್ಲಿ ಹಿಂದಿರುಗಿ ಓದಬಹುದಾದಾಗ ಮಾತ್ರ ಓದು ಮುಂದೆ ಬರುತ್ತದೆ. ಕಣ್ಣಿನ ಚಲನೆಯನ್ನು ಅಳೆದವರು ಮೊದಲೇ ಕಂಡಿದ್ದರು: ಓದುವಾಗ ನಮ್ಮ ಕಣ್ಣು ಸುಮಾರು ಹತ್ತಕ್ಕೊಂದು ಸಲ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ನಮಗೇ ತಿಳಿಯದಂತೆ ಹಿಂದಕ್ಕೆ ಹೋಗಿ ಬರುತ್ತದೆ. ಕಿವಿಗೆ ಆ ಅನುಕೂಲವಿಲ್ಲ.

ಈಗ ನಮ್ಮ ಪುಸ್ತಕಗಳ ಕಡೆಗೆ ಬರೋಣ. ಎಲ್ಲ ಪುಸ್ತಕಗಳೂ ಕಾಲವನ್ನು ಒಂದೇ ಬಗೆಯಲ್ಲಿ ಬೇಡುವುದಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದುವಾಗ ಅಷ್ಟೊಂದು ಮಂದಿ, ಅಷ್ಟೊಂದು ಹಟ್ಟಿ, ಬಿಡಾರ, ಕೇರಿಗಳ ನಡುವೆ ಇವನು ಯಾರ ಮಗ, ಆ ಜಾಡು ಎಲ್ಲಿಗೆ ಸೇರುತ್ತದೆ ಎಂದು ಪುಟ ಹಿಂದಕ್ಕೆ ತಿರುಗಿಸುತ್ತಲೇ ಇರಬೇಕಾಗುತ್ತದೆ. ಆ ತಿರುಗಾಟವೇ ಮಲೆನಾಡಿನೊಳಗೆ ದಾರಿ ಕಲಿಯುವ ಬಗೆ. ಅದನ್ನು ಎಡೆಬಿಡದೆ ಕೇಳುತ್ತಾ ಹೋದರೆ ಹೆಸರುಗಳು ಕೈಜಾರುತ್ತವೆ. ಡಿ.ವಿ.ಜಿ.ಯವರ ‘ಕಗ್ಗ’ವಂತೂ ಸಭೆ ಸಮಾರಂಭಗಳಲ್ಲಿ, ಯೂಟ್ಯೂಬಿನಲ್ಲಿ ಎಷ್ಟೋ ಜನರ ಕಿವಿಗೆ ಬಿದ್ದಿದೆ, ಸಂತೋಷ. ಆದರೆ ಆ ನಾಲ್ಕು ಸಾಲುಗಳು ಬೇಡುವುದು ನಿಲುಗಡೆಯನ್ನು. ಒಂದರ ಹಿಂದೊಂದು ಹತ್ತು ಕಗ್ಗ ಕೇಳಿದವರಿಗೆ ರಾಗ ನೆನಪಿರುತ್ತದೆ, ಕಗ್ಗ ನೆನಪಿರುವುದಿಲ್ಲ.

ಕಿವಿ ಗೆಲ್ಲುವ ಪುಸ್ತಕಗಳೂ ಇವೆ, ಅವನ್ನು ನಾನು ಅಷ್ಟೇ ಪ್ರೀತಿಯಿಂದ ಹೆಸರಿಸುತ್ತೇನೆ. ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದಾಗ, ನಂಜನಗೂಡು ಸೀಮೆಯ ಆ ಮಾತಿನ ಲಯ ತಿಳಿಯದ ಎಷ್ಟೋ ಓದುಗರು ಮೊದಲ ಪುಟದಲ್ಲೇ ತಡವರಿಸಿದರು. ಆ ಭಾಗದವರೊಬ್ಬರು ಗಟ್ಟಿಯಾಗಿ ಓದುವುದನ್ನು ಕೇಳಿದರೆ ಅದೇ ಪುಟ ತಾನಾಗಿ ತೆರೆದುಕೊಳ್ಳುತ್ತದೆ. ವೈದೇಹಿಯವರ ಕುಂದಾಪುರದ ಹೆಂಗಸರ ಮಾತೂ ಹಾಗೆಯೇ. ಅಕ್ಷರಕ್ಕೆ ಹತ್ತದ ಎಳೆತ, ಕೊಂಕು, ಕಕ್ಕುಲಾತಿ ಎಲ್ಲ ದನಿಯಲ್ಲಿದೆ. ಬೇಂದ್ರೆಯವರ ಕಾವ್ಯವನ್ನು ಧಾರವಾಡದ ನಾಲಿಗೆಯಲ್ಲಿ ಕೇಳುವ ತನಕ ಪುಟದ ಮೇಲೆ ಒಗಟೆಂದುಕೊಂಡವರು ಎಷ್ಟು ಮಂದಿಯೋ! ಕನ್ನಡದ ಓದು ಒಂದೇ ಕನ್ನಡದಲ್ಲಿ ನಡೆಯುವಂಥದ್ದಲ್ಲ. ಬೀದರಿನವರು, ಕಾರವಾರದವರು, ಚಾಮರಾಜನಗರದವರು ಒಂದೇ ಅಚ್ಚಿನ ಸಾಲನ್ನು ತಮ್ಮ ತಮ್ಮ ದನಿಯಲ್ಲಿ ಓದಿಕೊಳ್ಳುತ್ತಾರೆ. ಪುಟ ಮೂಕವಾಗಿರುವುದರಿಂದಲೇ ಅದು ಎಲ್ಲರದೂ ಆಗಿದೆ. ಆಡಿಯೋ ಪುಸ್ತಕ ಒಂದು ದನಿಯನ್ನು ಆರಿಸಲೇಬೇಕು. ಆ ಆಯ್ಕೆ ಪ್ರತಿಸಲವೂ ಬೆಂಗಳೂರಿನ ಸ್ಟುಡಿಯೋದ, ವಾರ್ತೆ ಓದುವವರ ನಯವಾದ ಕನ್ನಡವೇ ಆಗಿಬಿಟ್ಟರೆ, ಅಚ್ಚಿನಲ್ಲಿ ಉಳಿದುಕೊಂಡಿದ್ದ ಬಹುದನಿಯನ್ನು ಕಿವಿಯಲ್ಲಿ ಕಳೆದುಕೊಳ್ಳುತ್ತೇವೆ. ಯಂತ್ರವೇ ಹುಟ್ಟಿಸುವ ದನಿಗಳು ಬಂದ ಮೇಲೆ ಈ ಭಯ ನನಗೆ ಹೆಚ್ಚಾಗಿದೆ. ಸುತ್ತೋಲೆ, ಪತ್ರಿಕೆ ಓದಿಸಲು ಅವು ಅಂಧರಿಗೆ ದೊಡ್ಡ ಉಪಕಾರ ಮಾಡಿವೆ. ಕಾದಂಬರಿಯನ್ನು ಅವುಗಳ ಕೈಗೆ ಕೊಡುವ ಕಾಲ ಇನ್ನೂ ಬಂದಿಲ್ಲ.

ಇನ್ನು ಅಕ್ಷರ ಬಾರದವರ ಮಾತು. 2011ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ ಶೇ 75.36 ಇತ್ತು. ಆ ಲೆಕ್ಕದಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಓದು-ಕೇಳಿಕೆಗಳ ನಡುವಿನ ನನ್ನ ಈ ಹೋಲಿಕೆಯೇ ಅನ್ವಯಿಸದು. ಅವರಿಗೆ ಕೇಳುವ ಪುಸ್ತಕವೇ ಪುಸ್ತಕ. ಹೊರನಾಡಿನಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡ ಆಡುತ್ತಾ, ಅಕ್ಷರ ಕಲಿಯದೆ ಬೆಳೆದ ನಮ್ಮ ಮೊಮ್ಮಕ್ಕಳನ್ನೂ ಇದೇ ಸಾಲಿಗೆ ಸೇರಿಸಿಕೊಳ್ಳಿ. ಇವರಿಗೆ ಕಡಿಮೆ ದರ್ಜೆಯ ಓದು ಸಾಕೆಂದು ನಾವು ಒಪ್ಪಬಾರದು.

ಆದ್ದರಿಂದ ಮೈಲ್ಯಾಂಗ್, ಸ್ಟೋರಿಟೆಲ್‌ನಂಥ ಆಡಿಯೋ ಪುಸ್ತಕದ ಆ್ಯಪ್‌ಗಳಲ್ಲಿ ಕನ್ನಡದ ದನಿಗಳು ಬರುತ್ತಿರುವ ಈ ಹೊತ್ತಿನಲ್ಲಿ ಸಾಹಿತ್ಯದ ದತ್ತಿಗಳಿಂದ, ಸಂಸ್ಥೆಗಳಿಂದ ಆಗಬಹುದಾದ ಒಂದು ಕೆಲಸವನ್ನು ಸಭೆಯ ಮುಂದಿಡುತ್ತೇನೆ. ನಮ್ಮಲ್ಲಿ ಲೇಖಕರು ತೀರಿಕೊಂಡು ಅರವತ್ತು ವರ್ಷ ದಾಟಿದರೆ ಕೃತಿಸ್ವಾಮ್ಯ ಮುಗಿಯುತ್ತದೆ. ಮುದ್ದಣ, ‘ಇಂದಿರಾಬಾಯಿ’ ಬರೆದ ಗುಲ್ವಾಡಿ ವೆಂಕಟರಾಯರು, ‘ಮಾಡಿದ್ದುಣ್ಣೋ ಮಹರಾಯ’ದ ಎಂ.ಎಸ್. ಪುಟ್ಟಣ್ಣ, ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಗಳಗನಾಥರು, ಇವರ ಕೃತಿಗಳನ್ನು ಧ್ವನಿಮುದ್ರಿಸಲು ಇಂದು ಯಾರ ಅಪ್ಪಣೆಯೂ ಬೇಕಿಲ್ಲ. ‘ಇಂದಿರಾಬಾಯಿ’ಯನ್ನು ಮಂಗಳೂರು ಕಡೆಯವರು, ಪುಟ್ಟಣ್ಣನವರನ್ನು ಮೈಸೂರು ಸೀಮೆಯವರು, ಗಳಗನಾಥರನ್ನು ಹಾವೇರಿಯವರು ಓದಲಿ. ಓದುವವರಿಗೆ ಗಮಕಿಗಳಿಂದ ತರಬೇತಿ ಕೊಡಿಸೋಣ, ಸರಿಯಾದ ಸಂಭಾವನೆ ಕೊಡೋಣ, ಅವರ ಹೆಸರನ್ನು ಲೇಖಕರ ಹೆಸರಿನ ಕೆಳಗೆ ಹಾಕೋಣ. ಪ್ರತಿ ಅಧ್ಯಾಯಕ್ಕೂ ಪುಟಕ್ಕೂ ಡೈಸಿಯಲ್ಲಿರುವಂತೆ ಗುರುತಿರಲಿ, ಪಠ್ಯವೂ ದನಿಯ ಜೊತೆಗೇ ಸಿಗಲಿ. ಮೊದಲ ಪ್ರತಿಯನ್ನು ಅಂಧ ಓದುಗರ ಕೈಗೆ ಕೊಟ್ಟು, ಎಲ್ಲಿ ಹಿಂದಿರುಗಲು ಕಷ್ಟವಾಯಿತು ಎಂದು ಕೇಳಿ, ಅವರು ಹೇಳಿದ್ದನ್ನು ತಿದ್ದಿದ ಮೇಲೆಯೇ ಉಳಿದವರಿಗೆ ಬಿಡುಗಡೆ ಮಾಡೋಣ. ಶುರುವಿಗೆ ‘ಶ್ರೀರಾಮಾಶ್ವಮೇಧ’ವನ್ನೇ ಎತ್ತಿಕೊಳ್ಳಬಹುದು. ಅದಕ್ಕೆ ಎರಡು ದನಿಗಳು ಬೇಕು.