ಲೋಕಹಿತದ ಕಾರ್ಯಗಳೂ ಅವುಗಳ ಪರೀಕ್ಷೆಯೂ



ಮಹೋತ್ಸವದ ದಿನ ಮಠದ ಕಾರ್ಯಗಳನ್ನು ಎಣಿಸಿ ಹೇಳುವುದು ವಾಡಿಕೆ. ಇಷ್ಟು ಪಂಕ್ತಿಗಳು ನಡೆದವು, ಇಷ್ಟು ಕೊಠಡಿಗಳು ಎದ್ದವು, ಇಷ್ಟು ದ್ರವ್ಯವು ವೆಚ್ಚವಾಯಿತು ಎಂದು ಓದುತ್ತಾರೆ, ಸಭೆಯು ಸಂತೋಷಪಡುತ್ತದೆ. ಪರಂತು ವೆಚ್ಚವಾದುದೆಲ್ಲವೂ ಸಲ್ಲಬೇಕಾದವರಿಗೆ ಸಂದಿತೆಂದು ಹೇಳಬರುವುದಿಲ್ಲ. ಕೊಟ್ಟವನ ಪುಸ್ತಕವೊಂದು, ಪಡೆದವನ ಅನುಭವವೊಂದು. ಇವೆರಡನ್ನೂ ಎದುರುಬದುರಾಗಿ ಇಟ್ಟು ನೋಡುವ ಬಗೆ ಯಾವುದು?

ಇದಕ್ಕೆ ತಕ್ಕ ದೃಷ್ಟಾಂತವು ರಾಜಸ್ಥಾನದಲ್ಲಿ ದೊರೆಯುತ್ತದೆ. ಬರಗಾಲದಲ್ಲಿ ಕೆರೆ ರಸ್ತೆಗಳ ಕೆಲಸ ತೆಗೆದು ಕೂಲಿ ಕೊಡುವುದು ಸರಕಾರದ ಹಳೆಯ ಪದ್ಧತಿ. ಕಾಗದದಲ್ಲಿ ಬರೆದಷ್ಟು ಕೂಲಿ ಕೈಗೆ ಬರಲಿಲ್ಲವೆಂದು ದುಡಿದವರು ಮೊರೆಯಿಟ್ಟರೆ, ಹಾಜರಿಪಟ್ಟಿಯು ದಫ್ತರದ ಗುಟ್ಟು, ತೋರಿಸಲಾಗದು ಎಂಬ ಉತ್ತರವೇ ಬರುತ್ತಿದ್ದಿತು. 1990ರಲ್ಲಿ ಅಲ್ಲಿ ಮಜದೂರ ಕಿಸಾನ ಶಕ್ತಿ ಸಂಘಟನವೆಂಬ ಸಂಸ್ಥೆ ಹುಟ್ಟಿತು. ಹಿರಿಯ ಸರಕಾರಿ ನೌಕರಿಯನ್ನು ತ್ಯಜಿಸಿ ಬಂದ ಅರುಣಾ ರಾಯ್ ಅವರೂ ಶಂಕರಸಿಂಗ್, ನಿಖಿಲ ಡೇ ಅವರೂ ಅದರ ಮುಂದಾಳುಗಳು. 1994ನೆಯ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾಣಾ ಗ್ರಾಮದಲ್ಲಿ ಇವರು ಮೊದಲನೆಯ ಜನಸುನವಾಯಿಯನ್ನು, ಎಂದರೆ ಜನರ ಅಹವಾಲಿನ ಬಹಿರಂಗ ಸಭೆಯನ್ನು, ಕೂಡಿಸಿದರು.

ಅದರ ಕ್ರಮವು ಬಹು ಸರಳ. ಪಟ್ಟಿಯಲ್ಲಿದ್ದ ಹೆಸರು, ದಿನ, ಕೂಲಿಗಳನ್ನು ಊರ ಮುಂದೆ ಗಟ್ಟಿಯಾಗಿ ಓದುವುದು. ಆ ಹೆಸರಿನವರೇ ಎದ್ದು ನಿಜವೋ ಸುಳ್ಳೋ ಹೇಳುವುದು. ಇಂಥ ಸಭೆಗಳಲ್ಲಿ ಸತ್ತವರು ಕೂಲಿ ಪಡೆದ ವಿಚಿತ್ರವೂ ಮುಗಿಯದ ಕಟ್ಟಡಗಳು ಮುಗಿದವೆಂಬ ಬರಹವೂ ಬೈಲಿಗೆ ಬಂದವು. ಪೇಟೆಯಿಂದ ಬಂದ ಲೆಕ್ಕಿಗನು ರಸೀದಿಯನ್ನೂ ಹೆಬ್ಬೆಟ್ಟಿನ ಗುರುತನ್ನೂ ಕಂಡು ಮೊತ್ತವು ಸರಿಯೆಂದು ರುಜು ಹಾಕಿಯಾನು. ಆ ಹೆಸರಿನವನು ಸತ್ತುಹೋದದ್ದು ಅವನಿಗೆಂತು ತಿಳಿಯಬೇಕು? ಅದು ನೆರೆಮನೆಯ ಮುದುಕಿಗೆ ಗೊತ್ತು.

1996ರಲ್ಲಿ ಬ್ಯಾವರ ಪಟ್ಟಣದಲ್ಲಿ ಇವರು 40 ದಿವಸ ಧರಣಿ ಕುಳಿತರು. ಕೇಳಿದ್ದು ಧಾನ್ಯವನ್ನಲ್ಲ, ಕಾಗದದ ಪ್ರತಿಯನ್ನು! 2005ರಲ್ಲಿ ದೇಶಕ್ಕೆಲ್ಲ ಮಾಹಿತಿ ಹಕ್ಕಿನ ಕಾಯಿದೆಯಾಯಿತು; ಅದೇ ವರ್ಷದ ಗ್ರಾಮೀಣ ಉದ್ಯೋಗ ಖಾತರಿಯ ಕಾಯಿದೆಯು ಕೆಲಸಗಳ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಗೆ ಒಪ್ಪಿಸಿತು. ಕಾಯಿದೆ ಬಂದರೂ ಎಷ್ಟೋ ಕಡೆ ಸಭೆಯು ರುಜುವಿನ ಶಾಸ್ತ್ರವಾಯಿತೆಂಬುದನ್ನು ಮರೆಮಾಚಬಾರದು. ಬಡವನು ತನಗೆ ನಾಳೆ ಕೆಲಸ ಕೊಡುವವನೆದುರು ಬಾಯಿಬಿಡಲು ಅಂಜುತ್ತಾನೆ.

ಲೆಕ್ಕವು ನೆಟ್ಟಗಾದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಫಲವೇನಾಯಿತು? 2002ರಲ್ಲಿ ಕರ್ನಾಟಕದ ಈಶಾನ್ಯದ 7 ಜಿಲ್ಲೆಗಳಲ್ಲಿ ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟ ಆರಂಭವಾದಾಗ ಅದಕ್ಕೆ ಅಕ್ಷರ ದಾಸೋಹವೆಂಬ ಹೆಸರಾಯಿತು. ಶರಣರ ಮಾತು ಸರಕಾರದ ಕಡತಕ್ಕೆ ಸೇರಿತು. ಅಕ್ಕಿಯ ತೂಕವು ಅನ್ನವೆಷ್ಟೆಂಬುದನ್ನು ಹೇಳುತ್ತದೆ. ಅಕ್ಷರವೆಷ್ಟೆಂಬುದನ್ನು ಮಗುವಿನ ಕೈಯಲ್ಲಿ ಪುಸ್ತಕ ಕೊಟ್ಟು ಓದಿಸಿಯೇ ಅರಿಯಬೇಕು.

ಮಠಗಳ ಪ್ರಸಾದನಿಲಯಗಳಿಗೂ ಈ ಮಾತು ಅನ್ವಯಿಸುತ್ತದೆ. ಓದಿ ಅಧಿಕಾರಿಯಾದವನು ಉತ್ಸವಕ್ಕೆ ತಾನಾಗಿಯೇ ಬರುತ್ತಾನೆ, ಹಾರ ಹಾಕಿಸಿಕೊಂಡು ನಾಲ್ಕು ಒಳ್ಳೆಯ ಮಾತನಾಡುತ್ತಾನೆ. ನಡುವೆ ಬಿಟ್ಟುಹೋದ ಹುಡುಗನನ್ನು ಯಾರೂ ಕರೆಯುವುದಿಲ್ಲ. ಏತಕ್ಕೆ ಹೋದನು, ಊಟ ಸಾಲದೆಯೋ, ಅವಮಾನವಾಗಿಯೋ, ಮನೆಯ ಕಷ್ಟಕ್ಕೋ, ಅವನನ್ನೇ ಕೇಳಬೇಕು. ಹಳೆಯ ಹಾಜರಿಪುಸ್ತಕದಲ್ಲಿ ಅವನ ಹೆಸರೂ ಊರೂ ಇದ್ದೇ ಇರುತ್ತವೆ.