ಕೇಳುವುದೇ ಶುಶ್ರೂಷೆ



ರೋಗಿಯ ಆರೈಕೆಯನ್ನು ನಾವು ಶುಶ್ರೂಷೆ ಎನ್ನುತ್ತೇವೆ. ಸಂಸ್ಕೃತದಲ್ಲಿ ಈ ಪದದ ಮೂಲಾರ್ಥ 'ಕೇಳಬೇಕೆಂಬ ಇಚ್ಛೆ'. ಸೇವೆ, ಉಪಚಾರ ಎಂಬ ಅರ್ಥಗಳು ಅದರಿಂದ ಬೆಳೆದು ಬಂದವು. ನಮ್ಮ ಕನ್ನಡದ 'ಕೇಳು' ಎಂಬ ಧಾತುವಿಗಂತೂ ಎರಡು ಮುಖ. ಆಲಿಸುವುದೂ ಕೇಳುವುದೇ, ವಿಚಾರಿಸಿ ತಿಳಿಯುವುದೂ ಕೇಳುವುದೇ. ಮುಸ್ಲಿಂ ರೋಗಿಗಳನ್ನು ಗೌರವದಿಂದ ಉಪಚರಿಸುವ ಬಗೆ ಹೇಗೆಂಬ ಇಂದಿನ ವಿಷಯಕ್ಕೆ ಈ ಎರಡು ಪದಗಳೇ ತಕ್ಕ ಪೀಠಿಕೆ.

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದ ಕೊಳದೆದುರು ಭಕ್ತಿಯಿಂದ ಬೇಡಿ ನಿಂತವರನ್ನು ಯಾರೂ ಗೇಲಿ ಮಾಡುವುದಿಲ್ಲ. ಅವರ ನಂಬಿಕೆ ಅವರದು ಎಂದು ನಾವು ಸರಿದು ದಾರಿ ಬಿಡುತ್ತೇವೆ. ಆದರೆ ಅದೇ ಸೀಮೆಯ ಮುಸ್ಲಿಂ ಗೃಹಿಣಿಯೊಬ್ಬಳು ಮರೆಯಿಲ್ಲದ ಮಂಚದ ಮೇಲೆ ಮೈ ತೋರಿಸಲು ಹಿಂಜರಿದರೆ, 'ಇಲ್ಲಿಗೆ ಬಂದ ಮೇಲೆ ಇನ್ನೆಂಥ ನಾಚಿಕೆ' ಎಂಬ ಗದರಿಕೆ ಎಲ್ಲಿಂದ ಬರುತ್ತದೆ? ದೇವಸ್ಥಾನದ ಬಾಗಿಲಲ್ಲಿ ನಮಗಿರುವ ಸೌಜನ್ಯ ಆಸ್ಪತ್ರೆಯ ಬಾಗಿಲಲ್ಲಿ ಕಳೆದುಹೋಗಬೇಕೆ?

ಈ ಹಿಂಜರಿಕೆಯನ್ನು ಅಲಕ್ಷಿಸಿದರೆ ತೆರಬೇಕಾದ ಬೆಲೆ ಪ್ರಾಣ. 1890ರ ದಶಕದಲ್ಲಿ, ಇಂದಿನ ತಮಿಳುನಾಡಿನ ತಿಂಡಿವನದಲ್ಲಿ, ಮಿಷನರಿ ವೈದ್ಯರೊಬ್ಬರ ಮಗಳು ಐಡಾ ಸ್ಕಡರ್ ತಂದೆಯ ಮನೆಯಲ್ಲಿದ್ದರು. ಒಂದೇ ರಾತ್ರಿ ಮೂವರು ಗಂಡಸರು, ಹೆರಿಗೆಯ ಸಂಕಟದಲ್ಲಿದ್ದ ತಮ್ಮ ಪತ್ನಿಯರಿಗೆ ನೆರವು ಬೇಡಿ, ಒಬ್ಬರಾದ ಮೇಲೊಬ್ಬರಂತೆ ಬಂದರು. ತಂದೆ ವೈದ್ಯರು, ಆದರೆ ಗಂಡಸು. ಮಗಳು ಹೆಂಗಸು, ಆದರೆ ವೈದ್ಯೆಯಲ್ಲ. ಬೆಳಗಾಗುವಷ್ಟರಲ್ಲಿ ಮೂವರು ತಾಯಂದಿರೂ ತೀರಿಕೊಂಡಿದ್ದರು. ಐಡಾ ಅಮೆರಿಕೆಗೆ ಹೋಗಿ ವೈದ್ಯಶಾಸ್ತ್ರ ಓದಿ, 1900ರಲ್ಲಿ ವೆಲ್ಲೂರಿನಲ್ಲಿ ಕೆಲಸ ತೊಡಗಿದರು. 1918ರಲ್ಲಿ ಅಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆ ತೆರೆದರು. ಒಂದು ಮಾತನ್ನು ಗಮನಿಸಬೇಕು: ಆ ಮೂವರು ಗಂಡಂದಿರಲ್ಲಿ ಮುಸ್ಲಿಮನು ಒಬ್ಬನೇ, ಒಬ್ಬ ಬ್ರಾಹ್ಮಣ, ಮತ್ತೊಬ್ಬನೂ ಹಿಂದೂ. ಲಜ್ಜೆ ಯಾವ ಒಂದು ಮತದ ಸ್ವತ್ತೂ ಅಲ್ಲ.

ನಮ್ಮ ನಾಡಿನಲ್ಲಿಯೂ ಇದನ್ನು ಅರಿತವರಿದ್ದರು. ಬೆಂಗಳೂರಿನ ಶಿವಾಜಿನಗರದ ಗೋಷಾ ಆಸ್ಪತ್ರೆ, ಹಾಜಿ ಸರ್ ಇಸ್ಮಾಯಿಲ್ ಸೇಟ್ ಎಂಬ ವರ್ತಕ ದಾನಿಯ ಹೆಸರನ್ನು ಹೊತ್ತಿದೆ. ಪಾರಸಿಯಲ್ಲಿ ಗೋಷಾ ಎಂದರೆ ಮೂಲೆ, ಏಕಾಂತದ ಎಡೆ. ನಮ್ಮಲ್ಲಿ ಅದು ಪರದೆಯ ಪದ್ಧತಿಗೆ ಹೆಸರಾಯಿತು. ಪರದೆಯ ಹೆಂಗಸರನ್ನು ನೆನೆದು ಹೆಸರು ಪಡೆದ ಆ ಮನೆ ಇಂದು ಸರ್ಕಾರಿ ಹೆರಿಗೆ ಆಸ್ಪತ್ರೆ. ಎಲ್ಲ ಮತದ ತಾಯಂದಿರೂ ಅಲ್ಲಿ ಹಡೆಯುತ್ತಾರೆ. ಒಬ್ಬಳ ಮಾನಕ್ಕೆಂದು ಕಟ್ಟಿದ ಮರೆ ಹಲವರ ಮಾನವನ್ನು ಕಾಯಿತು.

ಇನ್ನು ರಂಜಾನ್ ಮಾಸದ ಉಪವಾಸ. ಸಕ್ಕರೆ ಕಾಯಿಲೆಯವರು ಉಪವಾಸವಿರುವುದಾಗಿ ಹೇಳಿದೊಡನೆ ಸಿಡುಕಿದರೆ, ಅವರು ಮುಂದಿನ ಸಲ ಹೇಳುವುದಿಲ್ಲ. ಮೌನವಾಗಿ ಮಾತ್ರೆ ಬಿಡುತ್ತಾರೆ, ಇಲ್ಲವೇ ಬರಿಹೊಟ್ಟೆಯಲ್ಲಿ ಇನ್ಸುಲಿನ್ ಚುಚ್ಚಿಕೊಂಡು ಕುಸಿಯುತ್ತಾರೆ. ಒಂದು ತಿಂಗಳು ಮೊದಲೇ ಕೇಳಿದರೆ, ಅನೇಕರಿಗೆ ಔಷಧಿಯ ವೇಳೆಯನ್ನೂ ಪ್ರಮಾಣವನ್ನೂ ಬೆಳಗಿನ ಸಹರಿಗೂ ಸಂಜೆಯ ಇಫ್ತಾರಿಗೂ ಹೊಂದಿಸಿಕೊಡಲು ವೈದ್ಯರಿಗೆ ಸಾಧ್ಯ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300ನ್ನು ಮೀರಿದರೆ ಉಪವಾಸ ಬಿಡಲೇಬೇಕೆಂದು ತಿಳಿಸಬಹುದು. ಪರೀಕ್ಷೆಗೆಂದು ಬೆರಳು ಚುಚ್ಚಿದರೆ ಉಪವಾಸ ಮುರಿಯದೆಂಬುದು ಧರ್ಮಪಂಡಿತರ ಸಾಮಾನ್ಯ ಅಭಿಪ್ರಾಯ. ರೋಗಿಗೂ ಪ್ರಯಾಣಿಕನಿಗೂ ಕುರಾನೇ ವಿನಾಯಿತಿ ಕೊಟ್ಟಿದೆ. ಈ ಮಾತನ್ನು ಮಸೀದಿಯ ಇಮಾಮರ ಬಾಯಿಂದ ಹೇಳಿಸಿದರೆ ರೋಗಿಯ ಮನಸ್ಸು ಹಗುರಾಗುತ್ತದೆ. ಶಾಸ್ತ್ರವೂ ಶರೀರಶಾಸ್ತ್ರವೂ ಇಲ್ಲಿ ಎದುರಾಳಿಗಳಲ್ಲ.

ಸಾವಿನ ಗಳಿಗೆಯಲ್ಲಿಯೂ ಹೀಗೆಯೇ. ಮೃತರನ್ನು ಸ್ನಾನ ಮಾಡಿಸಿ, ಪ್ರಾರ್ಥಿಸಿ, ಬೇಗ ಮಣ್ಣು ಮಾಡುವುದು ಅವರ ವಿಧಿ. ಒಂದು ಸಹಿಗಾಗಿ ಶವವನ್ನು ಇಡೀ ದಿನ ಕಾಯಿಸುವುದು ನಮಗೆ ಕಚೇರಿಯ ವಿಳಂಬ. ಆ ಮನೆಯವರಿಗೆ ಸತ್ತವರಿಗಾದ ಅವಮಾನ. ಮರಣೋತ್ತರ ಪರೀಕ್ಷೆ ಕಾನೂನಿನಂತೆ ಅನಿವಾರ್ಯವಾದರೆ, ಕಾರಣವನ್ನು ಕುಳಿತು ತಿಳಿಸಿ, ತಡಮಾಡದೆ ಮುಗಿಸಿಕೊಡುವುದು ಧರ್ಮ.

ಕನ್ನಡ ಕಲಿಸಿದವನಾಗಿ ಮಾತಿನ ಬಗ್ಗೆಯೂ ಒಂದು ಮಾತು. ವಯಸ್ಸಾದವರನ್ನು 'ಏ ಸಾಬಿ' ಎಂದು ಕೂಗುವುದಕ್ಕೂ 'ಬನ್ನಿ ಅಜ್ಜಾರೆ' ಎಂದು ಕರೆಯುವುದಕ್ಕೂ ಖರ್ಚು ಒಂದೇ. ಹೆಸರನ್ನು ಅವರ ಬಾಯಿಂದಲೇ ಕೇಳಿ, ಅವರ ಗುರುತಿನ ಚೀಟಿಯಲ್ಲಿರುವಂತೆಯೇ ಬರೆಯಬೇಕು. ಒಂದು ಅಕ್ಷರ ತಪ್ಪಿದರೆ ಬಡವನೊಬ್ಬನು ನೆರವಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾದೀತು.

ಇಷ್ಟೆಲ್ಲ ತಿಳಿದ ಮೇಲೂ, ಮುಸ್ಲಿಮರೆಲ್ಲರೂ ಹೀಗೆಯೇ ಎಂದು ನಿಶ್ಚಯಿಸುವುದು ಇನ್ನೊಂದು ಬಗೆಯ ಅನಾದರ. ಒಬ್ಬಾಕೆಗೆ ವೈದ್ಯೆಯೇ ಬೇಕು. ಇನ್ನೊಬ್ಬಾಕೆಗೆ ಪಕ್ಕದಲ್ಲಿ ದಾದಿಯೊಬ್ಬಳು ನಿಂತರೆ ಸಾಕು. ಮತ್ತೊಬ್ಬಾಕೆಗೆ ಎರಡೂ ಬೇಡ. ಒಂದು ಮನೆಯಲ್ಲಿ ಉರ್ದು ಮಾತು. ಪಿಂಜಾರರ ಎಷ್ಟೋ ಮನೆಗಳಲ್ಲಿ ಅಚ್ಚ ಕನ್ನಡ. ಆದ್ದರಿಂದ ಉಡುಪನ್ನೂ ಹೆಸರನ್ನೂ ನೋಡಿ ಊಹಿಸದೆ, 'ನಿಮಗೆ ಹೇಗೆ ಅನುಕೂಲ?' ಎಂದು ಕೇಳಬೇಕು. ಕೇಳಿ, ಉತ್ತರಕ್ಕೆ ಕಿವಿಗೊಡಬೇಕು. ಔಷಧಿ ಕೊಡುವವರು ಅನೇಕರು; ಶುಶ್ರೂಷೆ ಮಾಡಿದವರು ಮಾತ್ರ ರೋಗಿಯ ನೆನಪಿನಲ್ಲಿ ಉಳಿಯುತ್ತಾರೆ.