ಒಂದು ಚಟ್ಟಿ ಗಿಡ, ಹತ್ತು ವರ್ಷ ಸಜೆ



ಸ್ವಂತ ಬಳಕೆಗೆ ಮನೆಯಲ್ಲೇ ಗಾಂಜಾ ಬೆಳೆಯುವುದರ ಬಗ್ಗೆ ಕೆಮ್ಮಣ್ಣಿನಂಥ ಹಳ್ಳಿಯಲ್ಲಿ ವಿಚಾರ ಸಂಕಿರಣ ಎಂದಾಗ ಹುಬ್ಬೇರಿಸಿದವರಿದ್ದಾರೆ. ಬೆಂಗಳೂರಿನ ಯಾವುದೋ ಹೋಟೆಲಿನಲ್ಲಿ ಆಗಿದ್ದರೆ ಯಾರೂ ಕೇಳುತ್ತಿರಲಿಲ್ಲವೇನೋ. ಆದರೆ ಒಬ್ಬ ಮಗ ಟೊರಾಂಟೊದಲ್ಲಿ, ಇನ್ನೊಬ್ಬ ದುಬೈಯಲ್ಲಿ, ಕಿರಿಯವನು ಮಣಿಪಾಲದಲ್ಲಿ ಓದುತ್ತಿರುವ ಮನೆಗಳು ನಮ್ಮ ಕಡೆ ಕಡಿಮೆಯೇ? ಟೊರಾಂಟೊದವನ ಮನೆಯಲ್ಲಿ 2018ರ ಅಕ್ಟೋಬರ್ 17ರಿಂದ ನಾಲ್ಕು ಗಿಡಗಳಿಗೆ ಕಾನೂನಿನ ಅಡ್ಡಿಯಿಲ್ಲ. ದುಬೈಯಲ್ಲಿ ಅದೇ ಗಿಡ ಘೋರ ಅಪರಾಧ. ಇನ್ನು ಮಣಿಪಾಲದ ಸುದ್ದಿಯನ್ನು ಪತ್ರಿಕೆಗಳ ಒಳಪುಟದಲ್ಲಿ ನೀವೇ ಓದುತ್ತೀರಿ: ‘ಗಾಂಜಾ ಸೇವನೆ ದೃಢ, ಪ್ರಕರಣ ದಾಖಲು’.

ನಮ್ಮ ಎನ್‌ಡಿಪಿಎಸ್ ಎಂಬ ಮಾದಕ ವಸ್ತು ಕಾಯ್ದೆ 1985ರದ್ದು. ಅದರ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯಿಲ್ಲದೆ ಬರೀ ಎಲೆ, ಬರೀ ಬೀಜ ಇದ್ದರೆ ಅದು ಗಾಂಜಾ ಅಲ್ಲ. ಶಿವರಾತ್ರಿಯ ಭಂಗಿ ಉಳಿದುಕೊಂಡಿರುವುದು ಈ ಸಂದಿಯಲ್ಲೇ. 2022ರಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಕೆ. ನಟರಾಜನ್ ಅವರು, 29 ಕಿಲೋ ಭಂಗಿ ಇಟ್ಟುಕೊಂಡಿದ್ದ ಆರೋಪಿಗೆ ಜಾಮೀನು ಕೊಡುವಾಗ, ಅದು ಗಾಂಜಾದಿಂದಲೋ ಚರಸ್‌ನಿಂದಲೋ ಮಾಡಿದ್ದೆಂದು ತೋರಿಸುವ ಆಧಾರವಿಲ್ಲ ಎಂದರು.

ಎಲೆ ಹೀಗೆ ಪಾರಾಯಿತು. ಆದರೆ ಎಲೆ ಬಿಡುವ ಗಿಡ ಪಾರಾಗಲಿಲ್ಲ. ಪರವಾನಗಿಯಿಲ್ಲದೆ ಯಾವ ಗಾಂಜಾ ಗಿಡವನ್ನೂ ಬೆಳೆಯಕೂಡದು ಎನ್ನುತ್ತದೆ ಸೆಕ್ಷನ್ 8. ಶಿಕ್ಷೆಯ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಬೀದಿಯಲ್ಲಿ ಕೊಂಡ ಒಣ ಗಾಂಜಾ 900 ಗ್ರಾಂ ಕಿಸೆಯಲ್ಲೋ ಚೀಲದಲ್ಲೋ ಸಿಕ್ಕಿತೆನ್ನಿ. ಒಂದು ಕಿಲೋವರೆಗೆ ‘ಅಲ್ಪ ಪ್ರಮಾಣ’. ಹೆಚ್ಚೆಂದರೆ ಒಂದು ವರ್ಷ ಸಜೆ, ಹತ್ತು ಸಾವಿರ ದಂಡ. ಅದೇ ವ್ಯಕ್ತಿ ಪೆಡ್ಲರ್‌ನ ಸಹವಾಸವೇ ಬೇಡವೆಂದು ಟೆರೇಸಿನ ಚಟ್ಟಿಯಲ್ಲಿ ಒಂದೇ ಗಿಡ ನೆಟ್ಟರೆ ಸೆಕ್ಷನ್ 20(ಎ): ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಗಿಡ ಒಂದೋ ನೂರೋ, ಮಾರಲಿಕ್ಕೋ ತನಗೋ, ಸೆಕ್ಷನ್ ಕೇಳುವುದಿಲ್ಲ. ಕೊಳ್ಳುವವನಿಗಿಂತ ಬೆಳೆದುಕೊಳ್ಳುವವನ ಮೇಲೆ ಮುನಿಸು ಹೆಚ್ಚು. ಇದರಿಂದ ಲಾಭ ಯಾರಿಗೆಂದರೆ ಪೆಡ್ಲರ್‌ಗೆ. ನನ್ನ ತಕರಾರು ಇಷ್ಟೇ.

ಪಂಚಾಯತ್ ಸದಸ್ಯರು ಇಲ್ಲಿ ಕುಳಿತಿರುವುದು ಬರೀ ಶೋಭೆಗಲ್ಲ. ತನ್ನ ಜಾಗದಲ್ಲಿ ಇಂಥ ಗಿಡ ಕಂಡರೆ ಜಾಗದವನು ಕೂಡಲೇ ತಿಳಿಸಬೇಕು ಎಂದು ಸೆಕ್ಷನ್ 46 ಹೇಳಿದರೆ, ಊರಿನ ಪಂಚರೂ ತಿಳಿಸಬೇಕು ಎನ್ನುತ್ತದೆ ಸೆಕ್ಷನ್ 47. ಬಾಡಿಗೆ ಕೋಣೆಗಳ ಮಾಲಕರು ಇದನ್ನು ಗಮನಿಸುವುದು ಒಳ್ಳೆಯದು.

ಸಾರಾಸಗಟು ನಿಷೇಧ ಈ ನೆಲದ ಹಳೆಯ ಪದ್ಧತಿಯೂ ಅಲ್ಲ. 1893-94ರ ಭಾರತೀಯ ಹೆಂಪ್ ಡ್ರಗ್ಸ್ ಆಯೋಗ 1193 ಮಂದಿಯ ಸಾಕ್ಷ್ಯ ಪಡೆದು, ಪೂರ್ಣ ನಿಷೇಧದ ಅಗತ್ಯವಿಲ್ಲ ಎಂದಿತ್ತು. ಬ್ರಿಟಿಷರಿಗೆ ತೆರಿಗೆಯ ಆಸೆಯೂ ಇತ್ತೆನ್ನಿ.

ಈಗ ವಕೀಲರಿಗೊಂದು ಪ್ರಶ್ನೆ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ಸುಪ್ರೀಂ ಕೋರ್ಟ್ ತೀರ್ಪಿಗೆ ಕಾರಣರಾದ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮರುವರ್ಷ ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ ಅದೇ ಖಾಸಗಿತನದ ಹಕ್ಕನ್ನು ಮುಂದಿಟ್ಟು, ವಯಸ್ಕರು ಖಾಸಗಿ ಜಾಗದಲ್ಲಿ ತಮ್ಮ ಬಳಕೆಗೆ ಗಿಡ ಬೆಳೆಯಬಹುದು ಎಂದಿತು. ಅಲ್ಲಿ ಹೊಸ್ತಿಲು ದಾಟಿದ ವಾದ ಇಲ್ಲಿ ದಾಟೀತೇ?

ನಾಳೆಯೇ ಬೇಲಿ ಕಿತ್ತೆಸೆಯಿರಿ ಎನ್ನುವವನು ನಾನಲ್ಲ. ಜರ್ಮನಿ 2024ರ ಏಪ್ರಿಲ್ 1ರಿಂದ ವಯಸ್ಕರಿಗೆ ಮೂರು ಗಿಡ ಬಿಟ್ಟುಕೊಟ್ಟಿದೆ, ಮಕ್ಕಳ ಕೈಗೆ ಸಿಗದಂತೆ ಇಡಬೇಕೆಂಬ ಷರತ್ತಿನೊಂದಿಗೆ. ನಮ್ಮ ಹಿತ್ತಲಿಗೆ ಬೀಗ ಎಲ್ಲಿದೆ? ಪಕ್ಕದ ಮನೆಯ ಮಕ್ಕಳು ಚೆಂಡು ಹುಡುಕಿಕೊಂಡು ನೇರ ಒಳಗೆ ಬರುವ ಊರಿದು. ಹದಿಹರೆಯದಲ್ಲೇ ಅಭ್ಯಾಸವಾದರೆ ಮನೋವಿಕಾರದ ಅಪಾಯ ಹೆಚ್ಚು. ಮನೋವೈದ್ಯರು ಅದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಇನ್ನು ನಮ್ಮ ಕರಾವಳಿಯ ತೇವಕ್ಕೆ ಹೂವಿನ ಗೊಂಚಲಿಗೆ ಬೂಷ್ಟು ಹಿಡಿಯುತ್ತದೆ. ಮನೆಯಲ್ಲಿ ಬೆಳೆದದ್ದರ ಅಮಲೆಷ್ಟು ಎಂದು ಅಳೆಯುವ ಸಾಧನವೂ ಮನೆಯಲ್ಲಿಲ್ಲ. ಮನೆಯದ್ದೆಂದ ಮಾತ್ರಕ್ಕೆ ಅದು ನಿರಪಾಯವಲ್ಲ.

ನಾರು, ಬೀಜಕ್ಕಾಗಿ ಬೆಳೆಯಲು ಅನುಮತಿ ಕೊಡುವ ದಾರಿ ಸೆಕ್ಷನ್ 14ರಲ್ಲಿದೆ. ಉತ್ತರಾಖಂಡ ಆ ದಾರಿ ಹಿಡಿದಿದೆ. ಅದು ಹೊಲದ ಮಾತು, ಚಟ್ಟಿಯದ್ದಲ್ಲ. ಚಟ್ಟಿಯ ಪ್ರಶ್ನೆಗೆ ಸಂಸತ್ತೇ ಸೆಕ್ಷನ್ 20ನ್ನು ತಿದ್ದಬೇಕು. ಒಣ ಗಾಂಜಾಕ್ಕೆ ‘ಅಲ್ಪ ಪ್ರಮಾಣ’ ಇದ್ದಂತೆ ಗಿಡಗಳಿಗೂ ಒಂದು ಸಂಖ್ಯೆ ಬೇಕೇ, ಬೇಕಿದ್ದರೆ ಎಷ್ಟು, ಆಗ ಜೈಲೋ ಬರೀ ದಂಡವೋ? ಬೆಳಗ್ಗಿನ ಗೋಷ್ಠಿಯಲ್ಲಿ ವಕೀಲರು ಇದಕ್ಕೊಂದು ಕರಡು ಬರೆದುಕೊಡಲಿ. ಮಧ್ಯಾಹ್ನ ವೈದ್ಯರೂ ಪಂಚಾಯತಿನವರೂ ಅದನ್ನು ಹರಿದು ನೋಡಲಿ.